ಏಳ್ಮೂರ್ಲೆ ಇಪ್ಪತ್ತೆರಡು

“ನಾಕರಾಗ ನಾಕೂ ಹೋದ್ವು. ಈಗ ಎಷ್ಟು, ಶೇಖವ್ವ?”

“ಎಂಟ್ರಿ.”

ಖೋಲಿಯೆಲ್ಲ ಗೊಳ್ಳೆಂದು ನಕ್ಕಿತು. ಚಿಕ್ಕೇರೂರಿನ ಆ ಸಾಲೆಯಲ್ಲಿ ಮೂರನೇ ಇಯತ್ತೆಗೂ ನಾಲ್ಕನೇ ಇಯತ್ತೆಗೂ ಒಂದೇ ಖೋಲಿ, ಹಾಗಾಗಿ ನಗುವವರೂ ಇಮ್ಮಡಿ. ಮೂರನೆಯದರ ಶೇಖವ್ವ ಪಾಟಿಯನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತಳು. ಪಾಟಿಯ ಹಿಂದೆ ಅತ್ತದ್ದು ಯಾರಿಗೂ ಕಾಣಲಿಲ್ಲ ಎಂದು ಅವಳ ಲೆಕ್ಕ.

ಪಾಪ, ಅವಳೇನು ಬಾಯಿಗೆ ಬಂದದ್ದು ಒದರಿರಲಿಲ್ಲ. ಮನೆಯಲ್ಲಿ ಆಯಿ, ಅಂದರೆ ಅಜ್ಜಿ ಉಡಚವ್ವನ ಜೊತೆ ದಿನಾ ಚೌಕಾಬಾರ ಆಡುವ ಹುಡುಗಿ ಅವಳು. ನಾಲ್ಕು ಕವಡೆ ಕುಲುಕಿ ಎಸೆಯಬೇಕು. ಎಷ್ಟು ಕವಡೆ ಬಾಯಿ ಮೇಲೆ ಮಾಡಿ ಬೀಳುತ್ತವೋ ಅಷ್ಟು ಮನೆ ಕಾಯಿ ನಡೆಸಬೇಕು. ನಾಲ್ಕೂ ಡಬ್ಬ ಬಿದ್ದು ಒಂದೂ ಬಾಯಿ ಕಾಣದಿದ್ದರೆ ಅದಕ್ಕೆ ಎಂಟು. ಆಯಿ ಕಲಿಸಿದ್ದು ಸುಳ್ಳಾಗುತ್ತದೆಯೇ? ಇದನ್ನೆಲ್ಲ ಹೇಳಬೇಕೆಂದರೆ ಅವಳ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಲೆಕ್ಕ ಕೇಳಿದ್ದ ಟೀಚರು, ಸವಣೂರಿನಿಂದ ಹೊಸದಾಗಿ ಬಂದಿದ್ದ ಮುಮ್ತಾಜಬೇಗಂ ಅಕ್ಕಾರು ಮಾತ್ರ ನಗಲಿಲ್ಲ. “ಎಂಟು ಹೆಂಗಾತು, ಹೇಳವಾ,” ಎಂದು ಕೇಳಿದರು. ಅಂದು ಮುಚ್ಚಿದ ಶೇಖವ್ವನ ಬಾಯಿ ತಿಂಗಳು ಕಳೆದರೂ ಸಾಲೆಯಲ್ಲಿ ತೆರೆಯಲಿಲ್ಲ.

ಇದು ಸಣ್ಣ ತ್ರಾಸಲ್ಲ. ಏಪ್ರಿಲ್‌ನಲ್ಲಿ ಬಾಯಿಲೆಕ್ಕದ ಪರೀಕ್ಷೆ. ಮಗ್ಗಿ ಹೇಳದವರು ಮೂರನೆಯದರಲ್ಲೇ ಉಳಿಯಬೇಕು. ಅವಳ ತಮ್ಮ ಭರಮಪ್ಪ ಆಗ ಎರಡನೆಯದರಲ್ಲಿದ್ದ.

“ಅಕ್ಕಾ, ಮುಂದಿನ ವರ್ಷ ನನ್ನ ಬಾಜೂಕ ಕುಂದ್ರತೀಯಲ್ಲ, ನಿನಗ ಜಾಗಾ ಹಿಡದಿಡ್ತೇನಿ,” ಎಂದು ಅವನು ರೊಟ್ಟಿ ಮುರಿಯುತ್ತ ಹೇಳಿದ. ಅವನ ಬಾಯಿಗೆ ಬೀಗವೇ ಇಲ್ಲ.

ಶೇಖವ್ವ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಹಾಕಿದಳು. ಈ ಭರಮ್ಯಾನ ಪಕ್ಕದಲ್ಲಿ ವರ್ಷಪೂರ್ತಿ ಕೂಡುವುದೆಂದರೆ ಓಣಿಯಲ್ಲಿ ತಲೆಯೆತ್ತಿ ತಿರುಗುವಂತೆಯೇ ಇಲ್ಲ. ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು.

ಒಂದು ಸಂಜೆ ಅಕ್ಕಾರು ಅವರ ಓಣಿಯಲ್ಲಿ ಹಾಯ್ದು ಹೊರಟಿದ್ದರು. ಕಟ್ಟೆಯ ಮೇಲೆ ಆಯಿ ಕವಡೆ ಎಸೆದು, “ನಾಕೂ ಡಬ್ಬ. ಎಂಟು. ನಿನ್ನ ಕಾಯಿ ಹೋತು, ಮಗಳ,” ಎಂದಳು.

ಅಕ್ಕಾರು ಗಕ್ಕನೆ ನಿಂತರು. ಕವಡೆ ನೋಡಿದರು, ಶೇಖವ್ವನನ್ನು ನೋಡಿದರು. “ಹಿಂಗೈತೇನು ಎಂಟರ ಕತಿ,” ಎಂದವರೇ ನಗುತ್ತ ಹೊರಟುಹೋದರು.

ಮರುದಿನ ಮಕ್ಕಳು ಬರುವಷ್ಟರಲ್ಲಿ ಖೋಲಿಯ ನೆಲದ ಮೇಲೆ ಸೀಮೆಸುಣ್ಣದ ಖಡುವಿನಿಂದ ಬರೆದ ಇಪ್ಪತ್ತೈದು ಮನೆಯ ಚೌಕಾಬಾರ ಸಿದ್ಧವಾಗಿತ್ತು.

“ಶೇಖವ್ವ ಅವತ್ತ ಎಂಟು ಅಂದ್ಲಲ್ಲ,” ಎಂದರು ಅಕ್ಕಾರು. “ಆಟದಾಗ ನಾಕೂ ಡಬ್ಬ ಬಿದ್ರ ಎಂಟು. ಲೆಕ್ಕದಾಗ ನಾಕೂ ಹೋದ್ರ ಸೊನ್ನಿ. ಆಕಿ ಆ ಮನಿ ಉತ್ತರ ಈ ಮನಿಗೆ ತಂದಿದ್ಲು, ಅಷ್ಟ. ನಗೂದೇನೈತಿ ಅದರಾಗ?”

ಯಾರೂ ನಗಲಿಲ್ಲ. ಅಕ್ಕಾರು ಆಟದ ಕಾಯಿದೆ ಹೇಳಿದರು. ಇವತ್ತು ಏಳರ ಆಟ. ಕವಡೆ ಮೂರು ಬಿದ್ದರೆ ಏಳ್ಮೂರ್ಲೆ ಎಷ್ಟು ಎಂದು ಹೇಳಿ, ಆಮೇಲೆ ಮೂರು ಮನೆ ನಡೆಯಬೇಕು. ಮಗ್ಗಿ ತಪ್ಪಿದ್ದನ್ನು ಎದುರಿನವರು ಹಿಡಿದರೆ ಪಾಳಿ ಹೋಯಿತು. ಹಿಡಿಯದಿದ್ದರೆ ತಪ್ಪಿದ್ದೂ ನಡೆಯಿತು. ಒಂದು ಕಡೆ ಅಕ್ಕಾರು, ಇನ್ನೊಂದು ಕಡೆ ಮಕ್ಕಳು. ಕವಡೆ ಎಸೆಯಲು ಶೇಖವ್ವ, ಮಗ್ಗಿ ಹೇಳಲು ಅವಳ ಇಯತ್ತೆಯ ಗಿರಿಯಪ್ಪ.

ಕವಡೆ ಕೈಗೆ ಬಂದದ್ದೇ ತಡ, ಶೇಖವ್ವ ಬೇರೆ ಹುಡುಗಿಯೇ ಆದಳು. ಅವಳ ಕಾಯಿ ಒಂದು ಕೆಂಪು ಬಳೆಚೂರು. ಅದು ಸುತ್ತೆಲ್ಲ ಮುಗಿಸಿತ್ತು, ಗೆಲ್ಲುವ ನಡುವಿನ ಮನೆಗೆ ಇನ್ನೆರಡೇ ಮನೆ ಉಳಿದಿದ್ದವು. ಅದರ ಹಿಂದೆ, ಸರಿಯಾಗಿ ಮೂರು ಮನೆಗೆ, ಅದನ್ನು ಹೊಡೆಯಲು ಅಕ್ಕಾರ ಕಾಯಿ ಕಾಯುತ್ತಿತ್ತು. ಅಕ್ಕಾರು ಎಸೆದರು. ಮೂರು ಬಿತ್ತು.

“ಏಳ್ಮೂರ್ಲೆ ಇಪ್ಪತ್ತೆರಡು,” ಎಂದು ಅಕ್ಕಾರು ಕಾಯಿಗೆ ಕೈ ಹಾಕಿದರು.

ಗಿರಿಯಪ್ಪ ಬಾಯಿ ಬಿಟ್ಟುಕೊಂಡು ಬಳೆಚೂರನ್ನೇ ನೋಡುತ್ತಿದ್ದ. ಉಳಿದವರೂ ಹಾಗೇ. ಅಕ್ಕಾರ ಕೈ ಒಂದು ಮನೆ ದಾಟಿತು, ಎರಡನೆಯದನ್ನೂ ದಾಟಿತು.

“ಇಪ್ಪತ್ತೊಂದ್ರಿ.”

ಯಾರು ಹೇಳಿದ್ದು ಎಂದು ಎಲ್ಲರೂ ತಿರುಗಿ ನೋಡಿದರು. ತಾನೇ ಎಂದು ತಿಳಿಯಲು ಶೇಖವ್ವನಿಗೂ ಒಂದು ಗಳಿಗೆ ಬೇಕಾಯಿತು.

“ಹೌದನು? ಎಣಿಸಿ ನೋಡೂಣು,” ಎಂದರು ಅಕ್ಕಾರು. ಏಳೇಳರಂತೆ ಹುಣಸೆಬೀಜದ ಮೂರು ಸಾಲು ಹಚ್ಚಿ ಎಣಿಸಿದರು. ಇಪ್ಪತ್ತೊಂದು. “ಹೋತು ನನ್ನ ಪಾಳಿ,” ಎಂದು ಅಕ್ಕಾರು ಕೈ ಹಿಂದೆಗೆದರು. ಖೋಲಿಯಲ್ಲಿ ಎದ್ದ ಗದ್ದಲಕ್ಕೆ ಹೆಡ್‌ಮಾಸ್ತರ ಕರಿಬಸಪ್ಪನವರು ಓಡಿಬಂದರು.

“ಸಾಲ್ಯಾಗ ಕವಡಿ ಆಟ ಏನ್ರಿ, ಬಾಯಾರ?” ಎಂದರು ಅವರು ನೆಲ ನೋಡಿ, ಅಕ್ಕಾರಿಗೆ.

“ಮಗ್ಗಿ ಕಲಸಾಕತ್ತೇನ್ರಿ, ಸರ್.”

“ಆತು. ಈ ಸಲ ಪರೀಕ್ಷಾ ನಾನ ತಗೋತೇನಿ. ನೋಡೂಣು.”

ಪರೀಕ್ಷೆ ಹತ್ತಿರ ಬಂದಂತೆ ಶೇಖವ್ವನಿಗೆ ಅಂಜಿಕೆ ಹೆಚ್ಚಿತು. ತನಗಾಗಿ ಅಲ್ಲ, ಅಕ್ಕಾರಿಗಾಗಿ. ಯಾಕೆಂದರೆ ಅಕ್ಕಾರು ಮತ್ತೆ ಮತ್ತೆ ತಪ್ಪುತ್ತಿದ್ದರು. ಒಂದು ದಿನ ಏಳ್ನಾಕ್ಲೆ ಇಪ್ಪತ್ತೊಂಬತ್ತು ಅಂದರು. ಇನ್ನೊಂದು ದಿನ ಏಳೆಂಟ್ಲೆ ಐವತ್ತೇಳು. ಇಂಥ ಒಳ್ಳೇ ಅಕ್ಕಾರಿಗೆ ದೇವರು ಮಗ್ಗಿಯೊಂದನ್ನು ಕೊಡಲಿಲ್ಲವಲ್ಲ ಎಂದು ಅವಳು ಮರುಗಿದಳು. ಹೆಡ್‌ಮಾಸ್ತರರು ಅಕ್ಕಾರನ್ನೇ ಕೇಳಿಬಿಟ್ಟರೆ ಗತಿಯೇನು? ಆಗ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿಕೊಡಲು ಒಬ್ಬರಾದರೂ ಬೇಕಲ್ಲ.

ಆದ್ದರಿಂದ ಶೇಖವ್ವ ಮಗ್ಗಿ ಕಲಿತಳು. ನೀರು ತರುವಾಗ, ಎಮ್ಮೆ ಮೈ ತೊಳೆಯುವಾಗ, ಆಯಿಯ ಜೊತೆ ಕವಡೆ ಎಸೆಯುವಾಗ ಹನ್ನೆರಡರ ಮಗ್ಗಿಯವರೆಗೆ ಕಲಿತಳು.

ಪರೀಕ್ಷೆಯ ದಿನ ಅಕ್ಕಾರು ಬಾಗಿಲ ಬಳಿ ಸೆರಗಿನ ತುದಿ ಹಿಡಿದು ನಿಂತಿದ್ದರು.

“ಏಳೆಂಟ್ಲೆ?” ಎಂದರು ಹೆಡ್‌ಮಾಸ್ತರರು, ಶೇಖವ್ವನಿಗೆ.

ಅಯ್ಯೋ, ಅಕ್ಕಾರಿಗೆ ಬರದಿದ್ದುದೇ ಬಂತಲ್ಲ ಎಂದುಕೊಂಡಳು ಅವಳು. ತಾನು ಸುಮ್ಮನಿದ್ದರೆ ಆ ಪ್ರಶ್ನೆ ಸೀದಾ ಬಾಗಿಲಿಗೆ ಹೋಗುತ್ತದೆ.

“ಐವತ್ತಾರ್ರಿ.”

“ಒಂಬತ್ತಾರ್ಲೆ?”

“ಐವತ್ನಾಕ್ರಿ.”

“ನಾಕರಾಗ ನಾಕೂ ಹೋದ್ರ?” ಆ ಕತೆ ಅವರ ಕಿವಿಗೂ ಬಿದ್ದಿತ್ತು.

“ಸೊನ್ನಿರಿ. ಆಟದಾಗಾದ್ರ ಎಂಟ್ರಿ.”

ಹೆಡ್‌ಮಾಸ್ತರರ ಮೀಸೆ ಅಲುಗಿತು. ಅವರು ಅಕ್ಕಾರ ಕಡೆ ತಿರುಗಿದರು. ಶೇಖವ್ವ ಮೆಲ್ಲಗೆ ಹೇಳಿಕೊಡಲು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಳು. “ಎರಡನೇ ಇಯತ್ತೆ ಖೋಲ್ಯಾಗೂ ಒಂದು ಚೌಕಾಬಾರದ ಪಟ ಬರದಕೊಡ್ರಿ, ಬಾಯಾರ,” ಎಂದರು ಅವರು.

ಶೇಖವ್ವ ನಾಲ್ಕನೆಯದಕ್ಕೆ ಪಾಸಾದಳು. ಆ ಸುದ್ದಿ ಹೇಳಲು ಅಕ್ಕಾರು ಮನೆಗೇ ಬಂದಾಗ ಆಯಿ ಚಾ ಕೊಟ್ಟು ಕವಡೆ ಮುಂದಿಟ್ಟಳು. “ಬರ್ರಿ ಅಕ್ಕಾರ, ಒಂದಾಟ ಆಡೂಣು.”

ಆಯಿ ಆಟದಲ್ಲಿ ಯಾರಿಗೂ ದಯೆ ತೋರಿದವಳಲ್ಲ. ಎಣಿಸಲು ಸಹಾಯವಾಗಲಿ ಎಂದು ಶೇಖವ್ವ ಅಕ್ಕಾರಿಗೆ ಅಂಟಿಕೊಂಡು ಕುಳಿತಳು.

ಆದರೆ ಸಹಾಯವೇ ಬೇಕಾಗಲಿಲ್ಲ. ಕವಡೆ ನೆಲಕ್ಕೆ ಬಿದ್ದ ಕೂಡಲೇ ಅಕ್ಕಾರ ಕಾಯಿ ಹೋಗಬೇಕಾದ ಮನೆಯಲ್ಲಿರುತ್ತಿತ್ತು. ಬೆರಳಿಟ್ಟು ಎಣಿಸುವುದೂ ಇಲ್ಲ. ಆಯಿಯ ಮೂರು ಕಾಯಿ ಒಂದರ ಹಿಂದೊಂದು ಹೋದವು.

“ಎಂಥಾ ಲೆಕ್ಕದಾಕಿಯವಾ ನೀ,” ಎಂದಳು ಆಯಿ, ಹಣೆಯ ಬೆವರು ಒರೆಸಿಕೊಂಡು. “ನಾನೂ ಇಷ್ಟು ವರ್ಷ ಆಡೇನಿ. ನೀ ಒಂದು ಮನಿ ತಪ್ಪಲಿಲ್ಲಲ್ಲ.”

ಶೇಖವ್ವ ಅಕ್ಕಾರ ಮುಖ ನೋಡಿದಳು. ಇಪ್ಪತ್ತೆರಡು ನೆನಪಾಯಿತು. ಅದು ಬಂದದ್ದು ತನ್ನ ಬಳೆಚೂರು ಸಾಯುವ ಹೊತ್ತಿಗೇ. ಎಂಥ ಕಳ್ಳರು ಇವರು ಎನ್ನಿಸಿತು. ಅವರ ಕೈ ಹಿಡಿದುಕೊಳ್ಳಬೇಕು ಎಂದೂ ಎನ್ನಿಸಿತು. ಅಕ್ಕಾರು ಏನೂ ಅರಿಯದವರಂತೆ ಚಾ ಕುಡಿಯುತ್ತಿದ್ದರು.

ಜೂನ್‌ನಲ್ಲಿ ಸಾಲೆ ಶುರುವಾಯಿತು. ಶೇಖವ್ವ ನಾಲ್ಕನೆಯವರ ಸಾಲಿನಲ್ಲಿ, ಭರಮಪ್ಪ ಅದೇ ಖೋಲಿಯಲ್ಲಿ ಮೂರನೆಯವರ ಸಾಲಿನಲ್ಲಿ. ಹುಲಗೂರಿನಿಂದ ಬಂದ ಮಂಜವ್ವ ಎಂಬ ಹೊಸ ಹುಡುಗಿ ಗೋಡೆಗೆ ಅಂಟಿ ಕುಳಿತಿದ್ದಳು. ಬಂದು ಎಂಟು ದಿನವಾದರೂ ಅವಳ ದನಿ ಹೇಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಅಂದು ಆರರ ಆಟ. ಮಂಜವ್ವನ ಕಾಯಿ ಇನ್ನೇನು ನಡುವಿನ ಮನೆ ಸೇರಿ ಹಣ್ಣಾಗುವುದರಲ್ಲಿತ್ತು. ಅದನ್ನು ಹೊಡೆಯಲು ಬೇಕಿದ್ದ ನಾಲ್ಕೇ ಅಕ್ಕಾರಿಗೆ ಬಿತ್ತು.

“ಆರ್ನಾಕ್ಲೆ ಇಪ್ಪತ್ತೈದು,” ಎಂದರು ಅವರು.

ಭರಮಪ್ಪ ಬಾಯಿ ತೆರೆದ. ಶೇಖವ್ವ ಹಿಂದಿನಿಂದ ಗಪ್ಪನೆ ಅವನ ಬಾಯಿ ಮುಚ್ಚಿದಳು. ಅವನು ಕಚ್ಚಿದರೂ ಕೈ ತೆಗೆಯಲಿಲ್ಲ. ಅವಳ ನಾಲಿಗೆಯೂ ತುರಿಸುತ್ತಿತ್ತು, ಆದರೂ ತುಟಿ ಬಿಗಿಹಿಡಿದಳು. ಅಕ್ಕಾರ ಕೈ ನಿಧಾನವಾಗಿ, ಬಹಳ ನಿಧಾನವಾಗಿ ಮನೆ ದಾಟುತ್ತಿತ್ತು.

“ಇಪ್ಪತ್ನಾಕ್ರಿ,” ಎಂದಿತು ಗೋಡೆಯ ಬದಿಯಿಂದ ಒಂದು ಸಣ್ಣ ದನಿ.

“ಹೌದನು? ಎಣಿಸಿ ನೋಡೂಣು,” ಎಂದರು ಅಕ್ಕಾರು.

ಶೇಖವ್ವ ಎದ್ದು ಹೋಗಿ ಹುಣಸೆಬೀಜದ ಡಬ್ಬಿಯನ್ನು ಮಂಜವ್ವನ ಮುಂದೆ ಇಟ್ಟಳು.