ಕಷಾಯದ ಸ್ಲೈಡುಗಳು

"ನಮ್ಮ ಕಷಾಯದ ಸ್ಲೈಡ್‌ಗಳನ್ನ ಬೇರೆಯವರಿಗೆ ಕೊಟ್ಟುಬಿಟ್ರಂತೆ. ಹೌದಾ?"

ಲ್ಯಾಬಿನ ಅವಳ ಕೋಣೆಯ ಬಾಗಿಲಲ್ಲಿ ವೈದ್ಯ ನಿಂತಿದ್ದ. ತನ್ನ ಅಜ್ಜಿ ಕುದಿಸುತ್ತಿದ್ದ ಬೇರಿನ ಕಷಾಯವನ್ನು ಅಂಗಡಿಗಳಿಗೆ ತಲುಪಿಸಬೇಕೆಂದು ಅದರ ಸಾರವನ್ನು ಪರೀಕ್ಷೆಗೆ ತಂದುಕೊಟ್ಟವನು. ಆ ಸಾರ ಕುಡಿದ ಇಲಿಗಳ ಲಿವರಿನ ತೆಳು ಚೂರುಗಳನ್ನು ಗಾಜಿನ ಸ್ಲೈಡಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿ, ಮನುಷ್ಯರಿಗೆ ಕೊಡಬಹುದೋ ಇಲ್ಲವೋ ಎಂದು ಹೇಳುವುದು ಅವಳ ಕೆಲಸವಾಗಿತ್ತು.

ಮಾತಿಗೊಮ್ಮೆ ನಗುವವನು ಈಗ ಮುಖ ಗಂಟಿಕ್ಕಿಕೊಂಡಿದ್ದ. ಆ ಗಂಟುಮುಖವೂ ಇವನಿಗೆ ಒಪ್ಪುತ್ತದಲ್ಲ ಎಂದುಕೊಂಡ ಅವಳು ತನ್ನನ್ನೇ ಬೈದುಕೊಂಡಳು.

"ಹೌದು. ಸೀನಿಯರ್ ಮೇಡಂ ನೋಡಿದ್ರು. ರಿಪೋರ್ಟ್ ಇವತ್ತೇ ನಿಮಗೆ ಸಿಗತ್ತೆ."

"ನನ್ನ ಮೇಲೆ ಬೇಜಾರಾ?"

"ಕಚ್ಚೋ ಇಲಿಗಳ ಮೇಲೇ ನಂಗೆ ಬೇಜಾರಿಲ್ಲ. ನೀವಂತೂ ಇನ್ನೂ ಕಚ್ಚಿಲ್ಲ."

ಅವನು ನಗಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟ.

ತಿಂಗಳುಗಟ್ಟಲೆ ಹೀಗೇ ನಡೆದಿತ್ತು. ಇಲಿಗಳ ಯೋಗಕ್ಷೇಮ ಕೇಳುವ ನೆಪದಲ್ಲಿ ಅವನು ಬರುವುದು, ಹೊರಗಿನವರನ್ನು ಪ್ರಾಣಿಗಳ ಕೋಣೆಗೆ ಬಿಡುವಂತಿಲ್ಲವೆಂದು ಅವಳು ಗಾಜಿನಾಚೆಯಿಂದಲೇ ಉತ್ತರಿಸುವುದು. ಮಾಸ್ಕಿನೊಳಗೆ ಅವಳು ನಕ್ಕರೂ ಅವನಿಗೆ ಹೇಗೋ ಗೊತ್ತಾಗಿಬಿಡುತ್ತಿತ್ತು. ಅವನು ಬಾರದ ವಾರ ಅವಳಿಗೆ ಊಟ ಸೇರುತ್ತಿರಲಿಲ್ಲ.

"ನನ್ನ ಮುಖ ನೋಡಿ ಸಾಕಾಗಿದ್ರೆ ಹೇಳಿಬಿಡಿ," ಎಂದ. "ಬರೋದು ನಿಲ್ಲಿಸ್ತೀನಿ."

ಮುಚ್ಚಿಟ್ಟರೆ ಇವನು ಎದ್ದು ಹೋಗುತ್ತಾನೆ. ಹೇಳಿದರೂ ಹೋಗಬಹುದು. ಹೇಳಿಯೇ ಕಳೆದುಕೊಳ್ಳೋಣ ಎಂದುಕೊಂಡಳು.

"ನಾನು ಸುಳ್ಳು ಬರೆದೆ. ಕೆಲವು ಇಲಿಗಳ ಲಿವರ್ ಚೆನ್ನಾಗೇ ಕೆಟ್ಟಿತ್ತು. ನನ್ನ ಕೈ ಮಾತ್ರ 'ಹಾನಿ ಅಲ್ಪ' ಅಂತ ಬರೀತು. ಹೊಡೆದುಹಾಕಿ ಮತ್ತೆ ನೋಡ್ದೆ. ಮತ್ತೂ ಹಾಗೇ ಬರೀತು."

ಅವನ ಮುಖ ಕಳೆಗುಂದಿತು. ವರ್ಷಗಳಿಂದ ಕಂಡ ಕನಸು ಒಂದೇ ಮಾತಿಗೆ ಮಣ್ಣುಪಾಲಾಗಿತ್ತು. ತಲೆ ತಗ್ಗಿಸಿ ಕುಳಿತವನನ್ನು ಮುಟ್ಟಿ ಸಮಾಧಾನ ಹೇಳಲು ಅವಳ ಬೆರಳುಗಳು ಹಪಹಪಿಸಿದವು. ಯಾವ ಅಧಿಕಾರದ ಮೇಲೆ ಮುಟ್ಟುವುದು?

"ಯಾಕೆ ಹಾಗೆ ಬರೆದ್ರಿ?" ಎಂದು ಕೇಳಿದ ಕೊನೆಗೆ.

"ನಿಮ್ಮಜ್ಜಿ ಔಷಧಿ ಪಾಸಾಗ್ಲಿ ಅಂತ ಆಸೆ ಇತ್ತು. ನೀವಂದ್ರೆ ನಂಗೆ ಅಷ್ಟು ಇಷ್ಟ. ಇಷ್ಟ ಆದೋರ ಸ್ಲೈಡ್ ನಾವು ನೋಡಬಾರದು. ಅದಕ್ಕೇ ಕೊಟ್ಟುಬಿಟ್ಟೆ."

ಅವನು ತಲೆಯೆತ್ತಿ ನೋಡಿದ. ಇಂದು ನಡುವೆ ಗಾಜಿರಲಿಲ್ಲ, ಮಾಸ್ಕಿರಲಿಲ್ಲ. ಅವಳಿಗೆ ಕಣ್ಣು ಎಲ್ಲಿಡಬೇಕೋ ತಿಳಿಯಲಿಲ್ಲ.

ಅವನು ಫೋನ್ ತೆಗೆದ.

"ಅಮ್ಮಾ, ಆ ಕಷಾಯ ಇನ್ಮೇಲೆ ಕುಡೀಬೇಡ. ಇವತ್ತಿಂದಲೇ ಬೇಡ."

"ಯಾರಪ್ಪಾ ಹಾಗಂದೋರು? ನಿಮ್ಮಜ್ಜಿಗಿಂತ ತಿಳಿದೋರು?" ಆಚೆಯ ದನಿ ಮೇಜಿನವರೆಗೂ ಕೇಳಿಸಿತು.

ಅವಳ ಮೇಲಿಟ್ಟ ನೋಟವನ್ನು ಅವನು ತೆಗೆಯಲಿಲ್ಲ.

"ಸಂಜೆ ಅವರನ್ನೇ ಮನೆಗೆ ಕರ್ಕೊಂಡು ಬರ್ತೀನಿ," ಎಂದ. "ನೀನೇ ಕೇಳು."