ಕೊನೆಗೆ ಇಟ್ಟ ಸಾಮಾನು

"ಮೇಡಂ... ಯಾವುದು ತೆಗೀಲಿ?"

ಬಿಲ್ಲಿಂಗ್ ಕೌಂಟರಿನವನು ಮೆಲ್ಲಗೇ ಕೇಳಿದ್ದ. ಆದರೂ ಅವಳ ಕಿವಿಗೆ ಅದು ಮೈಕಿನಲ್ಲಿ ಕೂಗಿದಂತೆ ಕೇಳಿಸಿತು!

ಹಿಂದೆ ಉದ್ದನೆಯ ಸಾಲು. ಯಾರೋ ಲೊಚಗುಟ್ಟಿದರು. ಇನ್ಯಾರೋ, "ದುಡ್ಡು ನೋಡ್ಕೊಂಡು ಬರೋದಲ್ವಾ!" ಎಂದರು.

ಅವಳು ಪರ್ಸನ್ನು ಇನ್ನೊಮ್ಮೆ ತಡಕಾಡಿದಳು. ನೋಡಿದಷ್ಟು ಸಲ ತುಂಬಿಕೊಳ್ಳಲು ಅದೇನು ಅಕ್ಷಯಪಾತ್ರೆಯೇ?

"ಆ ಕ್ರೀಮು... ಹಿಮ್ಮಡಿಗೆ ಹಚ್ಚೋದು. ಅದು ಬೇಡ."

ಅವನು ಕೈ ಎತ್ತಿದ. ಒಮ್ಮೆ ಬಿಲ್ಲಿಗೆ ಏರಿದ್ದನ್ನು ತೆಗೆಯಬೇಕಾದರೆ ಸೂಪರ್‌ವೈಸರ್ ಬಂದು ಬಿಲ್ಲಿನ ಯಂತ್ರದಲ್ಲಿ ತನ್ನ ಕೀ ತಿರುಗಿಸಬೇಕು, ಅದು ಆ ಅಂಗಡಿಯ ಕಾನೂನು. ಆಕೆ ಆಚೆ ತುದಿಯಿಂದ ನಡೆದು ಬರುವಷ್ಟರಲ್ಲಿ ಇವಳಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು.

"ಏನ್ ಕ್ಯಾನ್ಸಲ್ಲು?" ಸೂಪರ್‌ವೈಸರಮ್ಮನ ಗಂಟಲು ಇಡೀ ಅಂಗಡಿಗೆ ಸಾಕಾಗುವಂಥದ್ದು.

"ನಂದೇ ತಪ್ಪು ಮೇಡಂ. ಕ್ರೀಮು ಬಿಲ್ಲಲ್ಲಿ ಎರಡು ಸಲ ಹೊಡೆದ್ಬಿಟ್ಟೆ," ಎಂದ ಅವನು.

ಅವಳು ಬೆಚ್ಚಿ ತಲೆ ಎತ್ತಿದಳು. ಅಪ್ಪಟ ಸುಳ್ಳು! ಹೇಳಿದವನು ಮಾತ್ರ ಏನೂ ಆಗದವನಂತೆ ಅಕ್ಕಿಯ ಪ್ಯಾಕೆಟ್ಟನ್ನು ಚೀಲಕ್ಕೆ ತುಂಬುತ್ತಿದ್ದ.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ಅವನ ಮೇಲೆ ಕೋಪ ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಸುಸ್ತಾಗಿತ್ತು, ಹಾಗಾಗಿ ಎರಡನ್ನೂ ಬಿಟ್ಟಳು.

ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಬೆಳಕು ಹರಿಯುವ ಮುಂಚೆಯೇ ನಿಂತರೆ ಮಧ್ಯಾಹ್ನದವರೆಗೂ ನಿಂತೇ ಇರಬೇಕು. "ಇರುವೆ ಕಚ್ಚಿದ ಹಾಗಾಗುತ್ತೆ, ಅಷ್ಟೇ" ಎಂದು ಎಲ್ಲರಿಗೂ ಹೇಳಿ ಹೇಳಿ, ತನಗೆ ಎಲ್ಲಿ ಏನು ಕಚ್ಚುತ್ತಿದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಹಿಮ್ಮಡಿ ಮಾತ್ರ ರಾತ್ರಿ ಹೊದಿಕೆಗೆ ತಗುಲಿದಾಗ ನೆನಪಿಸುತ್ತಿತ್ತು. ಅಷ್ಟು ಒಡೆದಿತ್ತು.

ಮನೆಯಲ್ಲಿ ಅವಳ ಹೆಸರು 'ಬೇಡಕ್ಕ'. ತಂಗಿ ಇಟ್ಟದ್ದು. ಹೊಸ ಶೂ ಕೇಳಿದರೆ ಬೇಡ, ಸಿನಿಮಾ ಎಂದರೆ ಬೇಡ, ಹೋಟೆಲ್ ಎಂದರಂತೂ ಬೇಡವೇ ಬೇಡ!

ಅವಳಿಗೇನು ಆಸೆಯಿರಲಿಲ್ಲವೇ? ಆದರೆ ಅಪ್ಪನಿಗೆ ಎರಡು ಕೊಂಡರೆ ಒಂದು ಉಚಿತ ಎಂಬ ಬೋರ್ಡು ಕಂಡರೆ ಸಾಕು, ಮೂರು ಬೇಡದ ಸಾಮಾನು ಮನೆ ಸೇರುತ್ತಿದ್ದವು. ಕಂತಿನಲ್ಲಿ ತಂದ ಸೋಫಾವನ್ನು ಅಂಗಡಿಯವರು ಬೀದಿಯವರೆಲ್ಲ ನೋಡುವಂತೆ ವಾಪಸ್ ಹೊತ್ತುಕೊಂಡು ಹೋದ ದಿನ, ಅಮ್ಮ ಬೀರುವಿನ ಕೀಯನ್ನು ಇವಳ ಕೈಗಿಟ್ಟು, "ಇನ್ಮೇಲೆ ನೀನೇ ನೋಡ್ಕೊಳ್ಳೇ. ನನ್ನ ಕೈಲಾಗಲ್ಲ," ಎಂದಿದ್ದಳು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಅವಳ ಹಾಸಿಗೆಯಲ್ಲಿ ನಾಲ್ಕು ಜನರ ಕಾಲಿದ್ದವು. ಎಲ್ಲರೂ ಚಾಚಿ ಉಳಿದ ಜಾಗದಲ್ಲಿ ಅವಳು ಮುದುರಿಕೊಳ್ಳಬೇಕಿತ್ತು.

ಅದಕ್ಕೇ ಅವಳು ಕೌಂಟರಿನಲ್ಲಿ ಸಾಮಾನು ಇಡುವುದಕ್ಕೂ ಒಂದು ಕ್ರಮವಿತ್ತು. ಮೊದಲು ಅಕ್ಕಿ, ಎಣ್ಣೆ. ಆಮೇಲೆ ಅಮ್ಮನ ಮಂಡಿನೋವಿನ ಮುಲಾಮು, ತಂಗಿಯ ಶಾಂಪೂ, ಅಪ್ಪನ ಬಿಸ್ಕತ್ತು. ಎಲ್ಲಕ್ಕಿಂತ ಕೊನೆಗೆ ತನ್ನದು. ದುಡ್ಡು ಸಾಲದಿದ್ದರೆ ಬಿಡುವುದು ಸುಲಭವಾಗಲಿ ಎಂದು!

ಮುಂದಿನ ಶನಿವಾರ ಅವನ ಕೌಂಟರಿನ ಸಾಲೇ ಚಿಕ್ಕದಿತ್ತು. ಅವಳು ಅಲ್ಲೇ ಹೋಗಿ ನಿಂತಳು.

ಅವನು ಒಂದೊಂದೇ ಸಾಮಾನು ಹೊಡೆಯುತ್ತಾ ಬಂದ. ಕ್ರೀಮಿನ ಟ್ಯೂಬಿನ ಮುಂದೆ ಕೈ ನಿಂತಿತು. ಪರದೆಯನ್ನು ಅವಳ ಕಡೆ ತಿರುಗಿಸಿ, ಅವಳಿಗಷ್ಟೇ ಕೇಳುವಂತೆ ಹೇಳಿದ:

"ಇಲ್ಲಿವರೆಗೆ ಇಷ್ಟಾಗಿದೆ. ಸೇರಿಸ್ಲಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ಟ್ಯೂಬನ್ನು ಸದ್ದಿಲ್ಲದೆ ಪಕ್ಕಕ್ಕಿಟ್ಟ. ಸೂಪರ್‌ವೈಸರ್ ಇಲ್ಲ, ಕೀ ಇಲ್ಲ, ಸಾಲಿನವರಿಗೆ ಸುಳಿವೂ ಇಲ್ಲ.

"ಥ್ಯಾಂಕ್ಸ್..." ಎಂದಳು, ನೆಲ ನೋಡುತ್ತಾ.

"ನೀವೂ ನಿಂತೇ ಕೆಲಸ ಮಾಡೋರಾ?"

"ಹೇಗೆ ಗೊತ್ತಾಯ್ತು?"

"ಸಾಲಲ್ಲಿ ಒಂದ್ ಕಾಲಿಂದ ಇನ್ನೊಂದ್ ಕಾಲಿಗೆ ಭಾರ ಬದಲಾಯಿಸ್ತಾ ಇದ್ರಿ. ನಾನೂ ಅದೇ ಮಾಡೋದು," ಎಂದು ನಕ್ಕ.

ಅವಳೂ ನಕ್ಕಳು. ಬಹಳ ದಿನಗಳ ಮೇಲೆ!

ವಾರಗಳು ಹೀಗೇ ಸಾಗಿದವು. ಅವಳಿಗೆ ಶನಿವಾರದ ಮೇಲೆ ಒಂದು ಆಸೆ ಹುಟ್ಟಿತು. ದುಡ್ಡು ಖರ್ಚಾಗದ ಆಸೆ, ಆದ್ದರಿಂದ ಬೇಡ ಎನ್ನಲಿಲ್ಲ.

ಒಂದು ಶನಿವಾರ ಮನೆಗೆ ಬಂದು ಚೀಲ ಬಿಚ್ಚಿದರೆ... ತಳದಲ್ಲಿ ಆ ಟ್ಯೂಬು!

ಬಿಲ್ಲು ನೋಡಿದಳು. ಅದರಲ್ಲಿ ಕ್ರೀಮು ಇರಲಿಲ್ಲ.

"ಬಿಟ್ಟಿ ಬಂದಿದ್ಯಲ್ಲ, ಸುಮ್ನೆ ಇಟ್ಕೊಳ್ಳಮ್ಮ," ಎಂದರು ಅಪ್ಪ. ಬಿಟ್ಟಿ ಎಂಬ ಪದದಲ್ಲಿ ಅವರಿಗೆ ಎಂದೂ ದೋಷ ಕಂಡಿದ್ದಿಲ್ಲ.

"ಕೌಂಟರಿನವರ ಸಂಬಳದಲ್ಲಿ ಹಿಡಿದ್ರೆ?" ಎಂದಳು.

ಪಾಪ, ಕೈತಪ್ಪಿ ಹಾಕಿಬಿಟ್ಟಿದ್ದಾನೆ... ರಾತ್ರಿಯೆಲ್ಲ ಅದೇ ಯೋಚನೆ. ಬೆಳಿಗ್ಗೆ ಲ್ಯಾಬಿನಲ್ಲಿ ಒಂದು ಗಂಟೆ ಬಿಡುವು ಕೇಳಿ, ಅಂಗಡಿ ತೆರೆಯುವ ಹೊತ್ತಿಗೆ ಓಡಿದಳು. ಅವನಿನ್ನೂ ಬಂದಿರಲಿಲ್ಲ. ಎದುರಿಗೆ ಮ್ಯಾನೇಜರ್ ಸಿಕ್ಕಿದರು. ಟ್ಯೂಬು ಅವರ ಕೈಗಿಟ್ಟು, "ಇದು ಬಿಲ್ ಆಗದೇನೇ ಬಂದಿದೆ ಸರ್," ಎಂದಳು.

ಒಳ್ಳೆಯ ಮನಸ್ಸಿನವರು ಅವಸರ ಮಾಡಿದರೆ ಇಂಥದ್ದೇ ಆಗುವುದು, ನೋಡಿ!

ಮ್ಯಾನೇಜರರ ಮುಖ ಬಿಗಿಯಿತು. ಬಿಲ್ಲಿಲ್ಲದೆ ಸಾಮಾನು ಹೊರಗೆ ಹೋಗುವುದೆಂದರೆ ಅಂಗಡಿಯ ಭಾಷೆಯಲ್ಲಿ ಅದಕ್ಕೆ ಒಂದೇ ಅರ್ಥ. ಆಗ ತಾನೇ ಒಳಗೆ ಬಂದವನನ್ನು ಅವಳ ಎದುರಿಗೇ ನಿಲ್ಲಿಸಿ ಕೇಳಿದರು.

"ಏನಯ್ಯಾ ಇದು? ಬೇಕಂತ ಹಾಕಿದ್ಯಾ?"

ಅವನು ಒಮ್ಮೆ ಅವಳನ್ನು ನೋಡಿದ.

"ಹೌದು ಸರ್. ಬೇಕಂತಲೇ ಹಾಕಿದ್ದು," ಎಂದ.

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಕೈತಪ್ಪಿದ್ದಲ್ಲ! ಹಾಗಾದರೆ... ಕರುಣೆ! ಅದೂ ಯಾರದೋ ಅಂಗಡಿಯ ಮಾಲು!

"ಕದ್ದಿದ್ದನ್ನ ಕೈಚಾಚಿ ತಗೊಳ್ಳೋ ಅಷ್ಟು ಗತಿಗೆಟ್ಟೋಳು ಅಂದ್ಕೊಂಡ್ರಾ ನನ್ನ?"

ಅವಳು ತಿರುಗಿ ನೋಡದೆ ನಡೆದಳು.

ಅವನನ್ನು ಕೌಂಟರಿನಿಂದ ತೆಗೆದು ಮೂಟೆ ಇಳಿಸುವ ಕೆಲಸಕ್ಕೆ ಗೋಡೌನಿಗೆ ಹಾಕಿದರು. ಸಂಬಳವೂ ಕಡಿಮೆಯಾಯಿತು. ಇನ್ನೊಂದು ತಪ್ಪು ಮಾಡಿದರೆ ಮನೆಗೆ.

ಅವಳ ಶನಿವಾರಗಳು ಮತ್ತೆ ಬರೀ ಶನಿವಾರಗಳಾದವು. 'ಬೇಡ' ಎನ್ನುವುದಕ್ಕೂ ದಣಿವಾಗತೊಡಗಿತು. ಒಮ್ಮೆ ತಂಗಿ, "ಅಕ್ಕಾ, ನೀನು ಬೈದಾದ್ರೂ ಬೈಯೇ. ಹೀಗೆ ಸುಮ್ನಿರ್ಬೇಡ, ಭಯ ಆಗುತ್ತೆ," ಎಂದುಬಿಟ್ಟಳು.

ತಿಂಗಳು ಕಳೆದಿತ್ತು. ಪಕ್ಕದ ಕೌಂಟರಿನ ಹಿರಿಯ ಹೆಂಗಸು ಮಗಳ ಬಾಣಂತನ ಮುಗಿಸಿ ಕೆಲಸಕ್ಕೆ ಮರಳಿದ್ದರು. ಅವರ ಸಾಲಿನಲ್ಲಿ ಇವಳು. ಬಿಲ್ ಶುರುಮಾಡುವ ಮೊದಲೇ, ಕೊನೆಗೆ ಇಟ್ಟಿದ್ದ ಕ್ರೀಮಿನ ಟ್ಯೂಬನ್ನು ಕೈಯಲ್ಲಿ ಹಿಡಿದು ಅವರು ಇವಳನ್ನೇ ದಿಟ್ಟಿಸಿದರು.

"ನೀನೇನಮ್ಮಾ ಆ ಹುಡುಗಿ?"

"ಯಾವ... ಹುಡುಗಿ?"

"ಇಂಥದ್ದೇ ಟ್ಯೂಬನ್ನ ಅವನು ನನ್ನ ಕೌಂಟರಲ್ಲೇ ತಗೊಂಡಿದ್ದು. ಸ್ವಂತ ದುಡ್ಡು ಕೊಟ್ಟು! ನಾನು ರಜಕ್ಕೆ ಹೋಗೋ ಹಿಂದಿನ ದಿನ. ಯಾರಿಗೋ ಅಂದೆ, ಕಿವಿ ಕೆಂಪಗೆ ಮಾಡ್ಕೊಂಡ. ಬಂದು ನೋಡಿದ್ರೆ ಗೋಡೌನಲ್ಲಿದ್ದಾನೆ! ಮ್ಯಾನೇಜರಿಗೆ ನಾನು ಹೇಳ್ತೀನಿ ಕಣೋ ಅಂದ್ರೆ ಆಣೆ ಹಾಕಿಸ್ಕೊಂಡ."

"ಯಾಕೆ...?" ಎಂದಳು.

"'ಅವರಿಗೆ ನಾನು ಕೊಡಿಸ್ದೆ ಅಂದ್ರೆ ಅಂಗಡಿ ತುಂಬಾ ಅವರ ವಿಷಯ ಓಡಾಡುತ್ತೆ, ನನ್ನ ವಿಷಯವಾದ್ರೆ ನಾನು ತಡ್ಕೋತೀನಿ' ಅಂದ, ಪೆದ್ದ. ಸಾಯ್ಲಿ ಆಣೆ, ಹೇಳಿಬಿಟ್ಟೆ!"

ಅವಳಿಗೆ ಎಲ್ಲವೂ ನೆನಪಾಯಿತು. 'ಎರಡು ಸಲ ಹೊಡೆದ್ಬಿಟ್ಟೆ' ಎಂದವನು... ಮೊದಲ ದಿನದಿಂದಲೂ ತಪ್ಪನ್ನು ತನ್ನ ತಲೆಗೇ ಎಳೆದುಕೊಂಡವನು! ಅಂಥವನನ್ನು ತಾನು ಕಳ್ಳ ಎಂದಳೇ?

ಕೌಂಟರಿನ ಮೇಲಿದ್ದ ಸಾಮಾನನ್ನೆಲ್ಲ ಹಿಂದಕ್ಕೆ ಎಳೆದುಕೊಂಡಳು. ಟ್ಯೂಬನ್ನು ಎಲ್ಲಕ್ಕಿಂತ ಮುಂದಿಟ್ಟಳು.

"ಇದನ್ನ ಮೊದಲು ಹೊಡೀರಿ ಅಮ್ಮ. ಅಪ್ಪನ ಬಿಸ್ಕತ್ತು ಈ ವಾರ ಬೇಡ."

ಅಲ್ಲಿಂದ ನೇರವಾಗಿ ಮ್ಯಾನೇಜರರ ಮುಂದೆ ಹೋಗಿ ನಿಂತಳು. ಅಂಗಡಿಯಲ್ಲಿ ಯಾರು ಕೇಳಿಸಿಕೊಂಡರೆ ಏನಂತೆ?

"ಸರ್, ಅವರು ಕದೀಲಿಲ್ಲ. ದುಡ್ಡು ಕೊಟ್ಟು ತಗೊಂಡು ನನಗೆ ಕೊಟ್ಟಿದ್ದು. ನಂಗೆ ಕೊಳ್ಳೋಕೆ ಆಗ್ತಿರ್ಲಿಲ್ಲ, ಅದನ್ನ ಹೇಳೋಕೆ ಅವರಿಗೆ ಮನಸ್ಸು ಬರ್ಲಿಲ್ಲ. ತಪ್ಪು ತಿಳ್ಕೊಂಡಿದ್ದು ನಾನು."

ಹಿರಿಯ ಹೆಂಗಸು ಕೌಂಟರಿನಿಂದಲೇ, "ಹೌದು ಸರ್, ನಾನೇ ಬಿಲ್ ಮಾಡಿದ್ದು!" ಎಂದು ಕೂಗಿದರು. ಮ್ಯಾನೇಜರ್ ಗೊಣಗಿದರು, ಕನ್ನಡಕ ಒರೆಸಿದರು, ಕೊನೆಗೆ, "ಸೋಮವಾರದಿಂದ ಕೌಂಟರಿಗೆ ಬರೋಕೆ ಹೇಳಿ ಅವನಿಗೆ," ಎಂದರು.

ಗೋಡೌನಿನ ಬಾಗಿಲಲ್ಲಿ ಅವನು ಮೂಟೆಯ ಮೇಲೆ ಕುಳಿತು, ಚಪ್ಪಲಿ ಬಿಚ್ಚಿ ಪಾದ ಒತ್ತಿಕೊಳ್ಳುತ್ತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ.

"ಕೂತ್ಕೊಳ್ಳಿ," ಎಂದಳು. ತಾನೂ ಎದುರಿನ ಮೂಟೆಯ ಮೇಲೆ ಕುಸಿದಳು. "ಸೋಮವಾರದಿಂದ ನಿಮ್ಮ ಕೌಂಟರು ನಿಮಗೆ. ನಾನು ಎಲ್ಲಾ ಹೇಳ್ಬಿಟ್ಟೆ."

"ಎಲ್ಲರ ಮುಂದೆನಾ? ಯಾಕ್ರೀ..."

"ಯಾಕೆ ಅಂತ ನಾನು ಕೇಳ್ಬೇಕು! ಯಾಕೆ ತಗೊಂಡ್ರಿ ಅದನ್ನ? ಕರುಣೆನಾ?"

ಅವನು ಮತ್ತೆ ಮೂಟೆಯ ಮೇಲೆ ಕುಳಿತ.

"ನಮ್ಮಮ್ಮನೂ ಹೀಗೇ ಮಾಡ್ತಿದ್ಲು. ತನ್ನದನ್ನ ಕೊನೆಗೆ ಇಡ್ತಿದ್ಲು. ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ... ಅವಳ ಸರದಿ ಬರೋ ಅಷ್ಟರಲ್ಲಿ ಅವಳೇ ಇರ್ಲಿಲ್ಲ. ನೀವು ಹಾಗಾಗೋದನ್ನ ನಿಂತು ನೋಡೋಕೆ ಆಗ್ಲಿಲ್ಲ ನನಗೆ. ಅದು ಕರುಣೆ ಅಲ್ಲರೀ... ಅದಕ್ಕೆ ಬೇರೆ ಹೆಸರಿದೆ."

ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲೂ ಕೈ ಏಳಲಿಲ್ಲ.

"ನಂಗೆ ತುಂಬಾ ಸುಸ್ತಾಗಿದೆ," ಎಂದಳು. ಯಾರ ಬಳಿಯೂ ಆ ಮಾತು ಹೇಳಿರಲಿಲ್ಲ.

"ಗೊತ್ತು."

"ಕಳ್ಳ ಅಂದ್ಬಿಟ್ಟೆ ನಿಮ್ಮನ್ನ..."

"ಅಂದ್ರಿ. ಈಗ ಬಂದ್ರಲ್ಲ," ಎಂದ. ಆಮೇಲೆ ತಡವರಿಸುತ್ತಾ, "ನಿಮ್ಮ ಮನೆ ಜವಾಬ್ದಾರಿ ಬಿಟ್ಟು ಬನ್ನಿ ಅನ್ನಲ್ಲ. ನನ್ನ ಸಂಬಳವೂ ಅಷ್ಟಕ್ಕಷ್ಟೇ. ಆದ್ರೆ ಇಬ್ರೂ ಸೇರಿ ತೂಗಿಸ್ಬೋದು ಅನ್ಸುತ್ತೆ. ನನ್ನ ಜೊತೆ... ಇರ್ತೀರಾ?"

'ಬೇ' ಎಂದು ಬಾಯಿಗೆ ಬಂದೇಬಿಟ್ಟಿತ್ತು. ಅಭ್ಯಾಸ! ಅವಳು ತುಟಿ ಕಚ್ಚಿ ಹಿಡಿದಳು.

"ಮನೇಲಿ ನನ್ನ ಬೇಡಕ್ಕ ಅಂತಾರೆ, ಗೊತ್ತಾ?"

ಅವನ ಮುಖ ಬಾಡಿತು. "ಅಂದ್ರೆ... ಬೇಡವಾ?"

ಅವಳು ಚೀಲದಿಂದ ಟ್ಯೂಬು ತೆಗೆದು ಅವನ ಒಡೆದ ಹಿಮ್ಮಡಿಯ ಪಕ್ಕದಲ್ಲಿಟ್ಟಳು.

"ಇದು ಇಬ್ರಿಗೂ. ತಿಂಗಳಿಗೆ ಒಂದೇ ಟ್ಯೂಬು, ಅರ್ಧ ನಿಮಗೆ, ಅರ್ಧ ನಂಗೆ. ಜಾಸ್ತಿ ಒತ್ತಿ ಖಾಲಿ ಮಾಡಿದ್ರೆ ಸುಮ್ನಿರಲ್ಲ."

ಅವನು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಕಣ್ಣು ಒದ್ದೆಯಾಗಿದ್ದರೂ ಬಾಯಲ್ಲಿ ನಗುವಿತ್ತು.

"ಬಿಲ್ ಮಾಡಿಸಿದೀರಾ?"

"ಹೂಂ," ಎಂದಳು ಅವಳು. "ಎಲ್ಲಕ್ಕಿಂತ ಮೊದಲು."