ಐದೂವರೆಯ ಮೆಟ್ಟಿಲು

"ಇವತ್ತೂ ಒಂದೂ ತಪ್ಪಿಲ್ವಾ?" ಎಂದು ಅವನು ದಿನವೂ ಕೇಳುತ್ತಿದ್ದ.

"ಒಂದೂ ಇಲ್ಲ ಸ್ವಾಮಿ!" ಎಂದು ನಾನು ಜಂಬದಿಂದ ಕತ್ತು ಕೊಂಕಿಸುತ್ತಿದ್ದೆ.

ಹಳೆಯ ಭೂಪಟಗಳನ್ನು ಸ್ಕ್ಯಾನ್ ಮಾಡಿ ಜೋಪಾನ ಮಾಡುವ ಕಚೇರಿ ನಮ್ಮದು. ನಾನು ಪಟ್ಟಿ ಬರೆಯುವವಳು, ಅವನು ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ನನ್ನ ಕೆಲಸವೆಲ್ಲ ಕಪ್ಪು ಪರದೆಯಲ್ಲಿ, ಕಮಾಂಡ್ ಟೈಪ್ ಮಾಡಿಯೇ. ಅದಕ್ಕೆ ನಾನು ಹೆದರುತ್ತೇನೆಂದು ತಿಳಿದು, ಒಂದು ಮಧ್ಯಾಹ್ನ ನನ್ನ ಕುರ್ಚಿಯಲ್ಲಿ ಕೂತು ಅವನು ಅದನ್ನು ಪಳಗಿಸಿದ. ಮೊದಲು ಪ್ರಾಂಪ್ಟ್, ಅಂದರೆ ಕಮಾಂಡಿಗಾಗಿ ಕಾಯುವ ಸಾಲಿನ ಆರಂಭದ ಗುರುತು. ಬರೀ ಡಾಲರ್ ಚಿಹ್ನೆ ಇದ್ದಲ್ಲಿ ತಿಳಿಹಸಿರು ಅಕ್ಷರಗಳು ಬಂದವು: "ಹೇಳಿ ಮಹರಾಯ್ತಿ." ಆಮೇಲೆ ಟ್ಯಾಬ್ ಕೀ. ಎರಡಕ್ಷರ ಹೊಡೆದು ಅದನ್ನೊತ್ತಿದರೆ ಉಳಿದ ಕಮಾಂಡನ್ನು ಅದೇ ಪೂರ್ತಿ ಮಾಡುತ್ತಿತ್ತು.

"ತಪ್ಪು ಹೊಡೆದ್ರೆ?"

"ಇನ್ಮೇಲೆ ಇದು ಬೈಯಲ್ಲ. ಬೇರೆ ಏನೋ ಹೇಳುತ್ತೆ." ಅವನ ಕಿವಿ ಕೆಂಪಾಗಿತ್ತು. "ನೋಡಿದಾಗ ಗೊತ್ತಾಗುತ್ತೆ ಬಿಡಿ."

"ನಾನು ತಪ್ಪು ಮಾಡಿದ್ರೆ ತಾನೇ!"

ಮಾಡಲಿಲ್ಲ. ಅವನೇ ಕೊಟ್ಟ ಟ್ಯಾಬ್ ಇರುವಾಗ ತಪ್ಪುವುದಾದರೂ ಹೇಗೆ?

ಸಂಜೆ ಐದೂವರೆಗೆ ಅವನು ಬ್ಯಾಗು ತಬ್ಬಿಕೊಂಡು ಮೆಟ್ಟಿಲ ಬಳಿ ನಿಂತಿರುತ್ತಿದ್ದ. "ಬಸ್ಸು ಇನ್ನೂ ಬಂದಿಲ್ವಾ?" ಎನ್ನುತ್ತ ನಾನು ಇಳಿದುಹೋಗುತ್ತಿದ್ದೆ. ಅವನ ನೋಟ ಮನೆ ಮುಟ್ಟುವವರೆಗೂ ಬೆನ್ನ ಮೇಲೆ ಬೆಚ್ಚಗಿರುತ್ತಿತ್ತು. ನಾನಾಗಿ ಬಾಯಿಬಿಡುವುದೇ? ಅವನೇ ಹೇಳಲಿ ಎಂದು ಕಾದೆ.

ವರ್ಷ ಕಳೆದ ಮೇಲೆ ಅವನು ಬೇರೆ ಊರಿನ ಕೆಲಸ ಹಿಡಿದ. ಹೊರಡುವ ದಿನವೂ ಅದೇ ಪ್ರಶ್ನೆ, ನನ್ನದೂ ಅದೇ ಉತ್ತರ.

"ವರ್ಷಪೂರ್ತಿ ಒಂದೂ ತಪ್ಪು ಮಾಡದೋರು ಯಾರಿರ್ತಾರೆ?" ಎಂದು ನಕ್ಕ. "ಇರಲಿ. ನೋಯದ ಹಾಗೆ ಹೇಳಿದ್ರಿ, ಅದೇ ದೊಡ್ಡದು."

ಬೀಳ್ಕೊಡುಗೆಯಲ್ಲಿ ನಾನಾಡಿದ ನಾಲ್ಕು ಮಾತಿನ ಬಗ್ಗೆ ಹೇಳುತ್ತಿದ್ದಾನೆ ಅಂದುಕೊಂಡೆ.

ಈಗ ಅವನಿಗೆ ಮದುವೆಯಾಗಿದೆ. ಮಗುವಿನ ಫೋಟೋ ಆಫೀಸಿನ ಗ್ರೂಪಿಗೆ ಬಂದಾಗ ಎಲ್ಲರಂತೆ ನಾನೂ ಒಂದು ಹೂವು ಕಳಿಸಿದೆ.

ಇವತ್ತು ನನ್ನ ಹಳೆಯ ಕಂಪ್ಯೂಟರನ್ನು ಅಳಿಸಿಹಾಕುವ ದಿನ. ಬೆಳಿಗ್ಗೆ ಟ್ಯಾಬ್ ಕೀ ಕಿತ್ತುಬಂತು. ಕೊನೆಯ ಕಡತವನ್ನು ಹೊಸದಕ್ಕೆ ಸಾಗಿಸುವಾಗ ಬೆರಳು ಜಾರಿತು.

"ಅಂತೂ ತಪ್ಪು ಮಾಡಿದ್ರಲ್ಲ!" ಎಂದಿತು ಪರದೆ. "ನೀವಂದ್ರೆ ನಂಗಿಷ್ಟ. ಎದುರು ನಿಂತು ಹೇಳೋ ಧೈರ್ಯ ಇಲ್ಲ. ನಿಮಗೂ ಹಾಗೇ ಇದ್ರೆ 'ಹೂಂ' ಅಂತ ಹೊಡೀರಿ."

ಇನ್ನೊಮ್ಮೆ ಬೇಕೆಂದೇ ತಪ್ಪು ಹೊಡೆದೆ. ಮತ್ತೂ ಒಮ್ಮೆ. ಮೂರು ಸಲವೂ ಅದೇ ಮಾತು, ಅದೇ ತಿಳಿಹಸಿರು.

ಹೊಸದಾಗಿ ಸೇರಿದ, ಕಂಪ್ಯೂಟರು ನೋಡಿಕೊಳ್ಳುವ ಹುಡುಗಿ ಇಣುಕಿದಳು. "ಅಕ್ಕಾ, ಅಳಿಸಿಬಿಡ್ಲಾ?"

"ಒಂದೇ ನಿಮಿಷ ಇರಮ್ಮ."

'ಹೂಂ' ಎಂದು ಹೊಡೆದೆ.

"ಹಾಗಾದ್ರೆ ಐದೂವರೆಗೆ ಮೆಟ್ಟಿಲ ಹತ್ರ ಬನ್ನಿ. ದಿನಾ ಅಲ್ಲೇ ಕಾಯ್ತಿರ್ತೀನಿ."

"ಅಕ್ಕಾ, ಯಾಕೆ ಕಣ್ಣು..."

"ಏನಿಲ್ಲ. ಅಳಿಸಮ್ಮ."

ಐದೂವರೆಗೆ ಮೆಟ್ಟಿಲಿಗೆ ಹೋಗಿ ಅವನು ನಿಲ್ಲುತ್ತಿದ್ದ ಜಾಗದಲ್ಲೇ ನಿಂತೆ. ಅಲ್ಲಿಂದ ರಸ್ತೆಯೂ ಕಾಣುವುದಿಲ್ಲ, ಬಸ್ಸೂ ಕಾಣುವುದಿಲ್ಲ. ಕಾಣುವುದು ನನ್ನ ಕೋಣೆಯ ಬಾಗಿಲೊಂದೇ.